ಹತ್ತೊಂಬತ್ತು ದಿನ ತಡವಾದ ಮಾತು

ಇಷ್ಟು ಹೊತ್ತು ಈ ಪ್ರವಚನದಲ್ಲಿ ನಾವು ನಾಚಿಕೆಯ ಬಗ್ಗೆ ಮಾತಾಡುತ್ತಿದ್ದೆವು. ನಾಚಿಕೆ ಎಂದರೆ ತಲೆ ತಗ್ಗಿಸಿ ಕೂರುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಅಷ್ಟೇ ಆಗಿದ್ದರೆ ಎಷ್ಟು ಸುಲಭವಿತ್ತು! ನಾಚಿಕೆಪಟ್ಟವನು ಎದ್ದು ಯಾರ ಮನೆಗೆ ಹೋಗಬೇಕು? ಯಾರ ಮುಂದೆ ನಿಲ್ಲಬೇಕು? ಯಾವಾಗ ನಿಲ್ಲಬೇಕು? ಅದಕ್ಕೆ ಒಂದು ದೃಷ್ಟಾಂತ ಹೇಳುತ್ತೇನೆ. ಹಿಂದೆ ಕೂತ ತಾಯಂದಿರಿಗೆ ಕೇಳಿಸುತ್ತಿದೆಯಲ್ಲ? ಸರಿ.

ಒಂದು ಊರಿನ ಹೊರಗೆ, ಆಕಾಶದಲ್ಲಿ ಪಾಠ ಹೇಳುವ ಒಬ್ಬ ಮೇಷ್ಟ್ರು ಇದ್ದರು.

ಹೌದು, ಆಕಾಶದಲ್ಲೇ. ಅದು ವಿಮಾನ ನಡೆಸುವುದನ್ನು ಕಲಿಸುವ ಶಾಲೆ. ದೊಡ್ಡ ವಿಮಾನವಲ್ಲ, ಇಬ್ಬರೇ ಕೂರುವಂಥದ್ದು. ಮುಂದೆ ಒಂದೇ ಇಂಜಿನ್ನು, ಒಂದೇ ಪಂಖ. ಒಳಗೆ ಕೂತರೆ ಮೊಣಕೈಗೆ ಮೊಣಕೈ ತಾಗುತ್ತದೆ. ಎಡಗಡೆ ಕಲಿಯುವವರು, ಬಲಗಡೆ ಕಲಿಸುವವರು. ಇಬ್ಬರ ಮುಂದೆಯೂ ಒಂದೊಂದು ಹಿಡಿಕೆ. ಒಬ್ಬರು ಎಳೆದರೆ ಇನ್ನೊಬ್ಬರ ಕೈಯಲ್ಲಿರುವುದೂ ಹಿಂದಕ್ಕೆ ಬರುತ್ತದೆ.

ಮೇಷ್ಟ್ರ ಹೆಸರು ಕ್ಯಾಪ್ಟನ್ ಮೇದಪ್ಪ. ಕೊಡಗಿನ ಕಡೆಯವರು. ನಮ್ಮ ಎರೆಮಣ್ಣಿನ ಬಯಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ಇಪ್ಪತ್ತಾರು ವರ್ಷ ಹಾರಿದ್ದರು, ಒಂದು ಗೀರು ಬಿದ್ದಿರಲಿಲ್ಲ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಹೊಳೆಯುವ ಬೂಟು, ಗಟ್ಟಿ ದನಿ. ಪ್ರತಿ ಹೊಸ ಶಿಷ್ಯನಿಗೂ ಮೊದಲ ದಿನ ಅವರು ಹೇಳುತ್ತಿದ್ದುದು ಒಂದೇ ಮಾತು: "ಇಲ್ಲಿ ತಪ್ಪು ಮಾಡಿದರೆ ಬೈತೀನಿ, ಅಷ್ಟೇ. ಮುಚ್ಚಿಟ್ಟರೆ ಮಾತ್ರ ಕ್ಷಮಿಸಲ್ಲ."

ನೋಡಿ, ಮಾತು ಎಷ್ಟು ಚೆನ್ನಾಗಿದೆ! ಹೇಳುವುದರಲ್ಲಿ ಯಾರಿಗೆ ಕಷ್ಟ? ನಾನೂ ಇಲ್ಲಿ ಎತ್ತರದಲ್ಲಿ ಕೂತು ಹೇಳುತ್ತಲೇ ಇದ್ದೇನೆ.

ಅವರ ಶಿಷ್ಯರಲ್ಲಿ ದಾನಮ್ಮ ಎಂಬ ಹುಡುಗಿ ಇದ್ದಳು. ತಾಲ್ಲೂಕು ಊರಿನವಳು. ಅಪ್ಪ ಚನಮಲ್ಲಪ್ಪನದು ಬೋರ್‌ವೆಲ್ ಮೋಟರು ರಿಪೇರಿ ಅಂಗಡಿ. ಸುಟ್ಟ ಮೋಟರಿನ ತಂತಿ ಬಿಚ್ಚಿ ಹೊಸದಾಗಿ ಸುತ್ತಿ ಕೊಡುವ ಕೆಲಸ. ಆ ಅಂಗಡಿಯಲ್ಲೇ ಆಡಿ ಬೆಳೆದವಳು ಅವಳು. ಯಾವ ಮೋಟರು ಆರಾಮಾಗಿ ಓಡುತ್ತಿದೆ, ಯಾವುದು ಒಳಗೊಳಗೇ ನರಳುತ್ತಿದೆ ಎಂದು ಬೆನ್ನು ತಿರುಗಿಸಿ ನಿಂತು ಹೇಳಬಲ್ಲವಳು. ಆ ಕಿವಿಯೇ ಅವಳನ್ನು ಇಂಜಿನ್ನಿನ ಹಿಂದೆ ಕರೆತಂದಿತ್ತು. ಕ್ಯಾಪ್ಟನ್ ಎಂದರೆ ಅವಳಿಗೆ ದೇವರ ಸಮಾನ.

ಫೆಬ್ರುವರಿ ತಿಂಗಳು. ಹಿಂದಿನ ದಿನ ಅಕಾಲದ ಮಳೆ ಸುರಿದಿತ್ತು. ವಿಮಾನ ಬಯಲಲ್ಲೇ ನಿಂತಿತ್ತು. ಅದರ ಇಂಧನದ ಟ್ಯಾಂಕು ರೆಕ್ಕೆಯೊಳಗಿರುತ್ತದೆ. ಮುಚ್ಚಳದ ರಬ್ಬರು ಸವೆದದ್ದು ಯಾರಿಗೂ ಗೊತ್ತಿರಲಿಲ್ಲ. ಮಳೆಯ ನೀರು ಒಳಗಿಳಿದಿತ್ತು. ಇಂಥದ್ದು ಆಗಬಹುದೆಂದೇ ಅಲ್ಲಿ ಒಂದು ನಿಯಮವಿದೆ. ಹಾರುವ ಮೊದಲು ರೆಕ್ಕೆಯ ಕೆಳಗಿನಿಂದ ಒಂದಿಷ್ಟು ಇಂಧನವನ್ನು ಪಾರದರ್ಶಕ ಲೋಟಕ್ಕೆ ಹಿಡಿದು, ಬೆಳಕಿಗೆ ಎತ್ತಿ ನೋಡಬೇಕು. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕೂತಿರುತ್ತದೆ. ಎರಡು ನಿಮಿಷದ ಕೆಲಸ. ಎರಡೇ ನಿಮಿಷ!

ದಾನಮ್ಮ ಲೋಟ ಹಿಡಿದು ರೆಕ್ಕೆಯ ಕೆಳಗೆ ಬಗ್ಗಿದ್ದಳು. ಅಷ್ಟರಲ್ಲಿ ಕ್ಯಾಪ್ಟನ್ ಬಂದರು. ಆ ಬೆಳಿಗ್ಗೆ ಅವರಿಗೆ ತಡವಾಗಿತ್ತು. ಇನ್ನೂ ನಾಲ್ವರು ಶಿಷ್ಯರು ಸರದಿಯಲ್ಲಿದ್ದರು, ಬಿಸಿಲು ಏರುತ್ತಿತ್ತು.

"ಇನ್ನೂ ಇಲ್ಲೇ ಇದ್ದೀಯಾ? ಹತ್ತು, ಹತ್ತು."

"ಎಣ್ಣಿ ನೋಡೂದು ಉಳದೈತ್ರಿ ಸರ್. ನಿನ್ನೆ ಮಳಿ ಬ್ಯಾರೆ ಆಗೇತಿ…"

"ನಾನು ಆಗಲೇ ನೋಡಿದ್ದೀನಿ. ಸರಿ ಇದೆ. ತಪಾಸಣೆ ಹಾಳೇಲಿ ಗುರುತು ಹಾಕಿ ಸಹಿ ಮಾಡು, ನಡಿ."

ನೋಡಿದ್ದರೇ? ಇಲ್ಲ. ನೋಡಿರಲಿಲ್ಲ. ಕೆಟ್ಟ ಉದ್ದೇಶದಿಂದ ಹೇಳಿದ ಸುಳ್ಳಲ್ಲ ಅದು. ಅವಸರದ ಸುಳ್ಳು. "ದಾರೀಲಿದ್ದೀನಿ" ಎಂದು ನಾವು ಮನೆಯ ಸೋಫಾದ ಮೇಲೆ ಕೂತು ಫೋನಿನಲ್ಲಿ ಹೇಳುತ್ತೇವಲ್ಲ, ಆ ಜಾತಿಯದು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ನೀರು ಸಿಕ್ಕಿರಲಿಲ್ಲ. ಇವತ್ತೂ ಇರುವುದಿಲ್ಲ ಎಂಬ ಧೈರ್ಯ. ದಾನಮ್ಮ ಸಹಿ ಹಾಕಿದಳು. ಗುರುಗಳು ನೋಡಿದ್ದೇನೆ ಎಂದ ಮೇಲೆ ಇನ್ನೇನು?

ನೆಲದ ಮೇಲೆ ಇಂಜಿನ್ನು ಸರಿಯಾಗಿಯೇ ಓಡಿತು. ವಿಮಾನ ಏರಿತು. ಎರಡು ಸಾವಿರ ಅಡಿ ಮೇಲೆ, ಊರು ದಾಟಿ ಹೊಲಗಳ ಮೇಲೆ ತಿರುವು ತೆಗೆದುಕೊಳ್ಳುವಾಗ ದಾನಮ್ಮ ತಲೆ ಓರೆ ಮಾಡಿದಳು.

"ಸರ್, ಇಂಜಿನ್ ಸಪ್ಪಳ ಬ್ಯಾರೆ ಆಗೇತ್ರಿ."

"ಎಲ್ಲಿ? ಮೀಟರಿನ ಮುಳ್ಳುಗಳೆಲ್ಲ ಸರಿ ಇವೆ. ತಿರುವಿನ ಕಡೆ ಗಮನ ಕೊಡು."

"ಇಲ್ರಿ ಸರ್, ಅದು ತಡವರಿಸ್ಲಿಕ್ಕತ್ತೈತಿ."

"ದಾನಮ್ಮ, ಇದು ನಿಮ್ಮಪ್ಪನ ಅಂಗಡಿ ಅಲ್ಲ."

ಹಾಗೆಂದು ಅರ್ಧ ನಿಮಿಷವಾಗಿರಲಿಲ್ಲ. ಇಂಜಿನ್ನು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಇಡೀ ವಿಮಾನ ಗಡಗಡ ನಡುಗಿತು. ಆಮೇಲೆ ಆ ಸದ್ದೇ ಇಲ್ಲ. ಪಂಖ ಗಾಳಿಗೆ ಸುಮ್ಮನೆ ತಿರುಗುತ್ತಿತ್ತು, ಅಷ್ಟೇ.

ಇಲ್ಲಿ ಒಂದು ಮಾತು ನಿಮಗೆ ಗೊತ್ತಿರಬೇಕು. ಇಂಜಿನ್ನು ನಿಂತ ಕೂಡಲೇ ಇಂಥ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ. ಮೂಗು ತಗ್ಗಿಸಿದರೆ ವೇಗ ಉಳಿಯುತ್ತದೆ, ಗಾಳಿಯ ಮೇಲೆ ಜಾರುತ್ತ ಇಳಿಯುತ್ತದೆ. ಭಯಕ್ಕೆ ಮೂಗು ಎತ್ತಿ ಹಿಡಿದರೆ ವೇಗ ಸಾಯುತ್ತದೆ, ಆಗ ಬೀಳುತ್ತದೆ. ಇದರಲ್ಲಿ ಅಧ್ಯಾತ್ಮ ಹುಡುಕಬೇಡಿ. ಇದು ಬರೀ ವಿಮಾನದ ಲೆಕ್ಕ.

"ನನಗೆ ಬಿಡು!" ಎಂದು ಕ್ಯಾಪ್ಟನ್ ಹಿಡಿಕೆ ತೆಗೆದುಕೊಂಡರು. ದಾನಮ್ಮ ಬಿಟ್ಟಳು. ಬಿಟ್ಟು ಸುಮ್ಮನೆ ಕೂರಲಿಲ್ಲ. ಕಲಿತದ್ದನ್ನು ಬಾಯಿಬಿಟ್ಟು ಹೇಳುತ್ತ ಒಂದೊಂದನ್ನೇ ಮಾಡಿದಳು. ಇಂಧನದ ತಿರುಪು ನೋಡಿದಳು. ಕಾರ್ಬುರೇಟರಿಗೆ ಬಿಸಿಗಾಳಿ ಬಿಟ್ಟಳು. ಇಗ್ನಿಷನ್ ಕೀಲಿ ನೋಡಿದಳು. ಇಂಜಿನ್ನು ಒಂದು ಗಳಿಗೆ ಹಿಡಿದುಕೊಂಡಂತೆ ಮಾಡಿ ಮತ್ತೆ ಕೈಬಿಟ್ಟಿತು. ರೇಡಿಯೋದಲ್ಲಿ ನಿಲ್ದಾಣಕ್ಕೆ ಸುದ್ದಿ ಕೊಟ್ಟಳು. ಒಂದಕ್ಷರ ತಪ್ಪಲಿಲ್ಲ.

ಕ್ಯಾಪ್ಟನ್ ಏನು ಮಾಡುತ್ತಿದ್ದರು? ವಿಮಾನವನ್ನು ನಿಲ್ದಾಣದ ಕಡೆ ತಿರುಗಿಸುತ್ತಿದ್ದರು. ದೂರದಲ್ಲಿ ಓಡುದಾರಿ ಒಂದು ಕಡ್ಡಿಯಷ್ಟು ಕಾಣುತ್ತಿತ್ತು. ಇಪ್ಪತ್ತಾರು ವರ್ಷ ಗೀರು ಬೀಳದ ಹೆಸರು. ಹೊಲಕ್ಕೆ ಇಳಿಸಿದರೆ ವಿಮಾನ ಮುರಿಯುತ್ತದೆ, ಯಾಕೆ ಎಂದು ಕೇಳುತ್ತಾರೆ. ಹೇಗಾದರೂ ಓಡುದಾರಿ ಮುಟ್ಟಿಬಿಟ್ಟರೆ?

"ಮುಟ್ಟಂಗಿಲ್ರಿ ಸರ್. ದೂರ ಆಕ್ಕೈತಿ. ಎಡಕ್ಕ ಕಡ್ಲಿ ಹೊಲ ಐತಿ, ಕಿತ್ತು ಖಾಲಿ ಆಗೇತಿ."

ಅವರಿಗೆ ಕೇಳಿಸಲಿಲ್ಲ. ಅವರ ಕಣ್ಣು ಆ ಕಡ್ಡಿಯ ಮೇಲಿತ್ತು. ನೆಲ ಮೇಲೆ ಮೇಲೆ ಬರುತ್ತಿದ್ದಂತೆ ಅವರ ಕೈ ತಾನಾಗಿ ಹಿಡಿಕೆಯನ್ನು ಎದೆಯ ಕಡೆ ಎಳೆಯತೊಡಗಿತು. ಮೂಗು ಎದ್ದಿತು. ವೇಗ ಸಾಯುತ್ತಿದೆ ಎಂದು ಎಚ್ಚರಿಸುವ ಪೀಪಿ ಕೀರಲಾಗಿ ಕೂಗಿತು. ನೂರಾರು ಮಕ್ಕಳಿಗೆ ಈ ತಪ್ಪು ಮಾಡಬೇಡಿ ಎಂದು ಕಲಿಸಿದ ಕೈ ಅದೇ ತಪ್ಪನ್ನು ಮಾಡುತ್ತಿತ್ತು.

ಆಗ ದಾನಮ್ಮ ತನ್ನ ಮುಂದಿದ್ದ ಹಿಡಿಕೆಯನ್ನು ಎರಡೂ ಕೈಯಿಂದ ಮುಂದಕ್ಕೆ ಒತ್ತಿದಳು. ಗುರುವಿನ ಬಲದ ವಿರುದ್ಧ ಒತ್ತಿದಳು.

"ಮೂಗು ಕೆಳಗ ಮಾಡ್ರಿ ಸರ್! ಸಾಯ್ತೀವಿ!"

ಪೀಪಿ ನಿಂತಿತು. ವಿಮಾನ ಮತ್ತೆ ಜಾರತೊಡಗಿತು. ಕ್ಯಾಪ್ಟನ್‌ಗೆ ನಿದ್ದೆಯಿಂದ ಎದ್ದಂತಾಯಿತು. ಆಮೇಲೆ ಹೊಲಕ್ಕೆ ಇಳಿಸಿದ್ದು ಅವರೇ. ಅದನ್ನು ಇಲ್ಲ ಎನ್ನಬಾರದು. ಇಪ್ಪತ್ತಾರು ವರ್ಷದ ಕೈ ಕೊನೆಯ ಗಳಿಗೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಪಕ್ಕದಲ್ಲಿ ಅವಳು ಇಂಧನ ಬಂದ್ ಮಾಡಿದಳು, ಕೀಲಿ ತಿರುಗಿಸಿದಳು, ಬಾಗಿಲಿನ ಅಗುಳಿ ಸಡಿಲ ಮಾಡಿದಳು. ಚಕ್ರ ಮಣ್ಣು ಮುಟ್ಟಿತು, ಕುಪ್ಪಳಿಸಿತು, ಓಡಿತು. ಹೊಲದ ಬದುವಿಗೆ ಬಡಿದು ಮುಂದಿನ ಚಕ್ರ ಮುರಿದು, ವಿಮಾನ ಮೂಗೂರಿ ನಿಂತಿತು.

ಪಕ್ಕದ ಹೊಲದಲ್ಲಿದ್ದ ಹೆಂಗಸೊಬ್ಬಳು ಓಡಿ ಬಂದು ಬಾಗಿಲು ಎಳೆದಳು. "ಯವ್ವಾ ನನ್ನವ್ವ, ಜೀವ ಐತಿಲ್ಲೋ?" ಎಂದು ದಾನಮ್ಮನ ಕಂಕುಳಿಗೆ ಕೈಹಾಕಿ ಹೊರಗೆ ತಂದಳು. ಹುಡುಗಿಯ ಎಡ ಹೆಗಲ ಬಳಿಯ ಕೊರಳೆಲುಬು ಮುರಿದಿತ್ತು. ನೋವಿಗೆ ಮುಖ ಬಿಳಚಿಕೊಂಡಿತ್ತು. ಮಣ್ಣಿನ ಮೇಲೆ ಕೂತವಳು ಕೇಳಿದ ಮೊದಲ ಮಾತು, "ಸರ್, ನಿಮಗೇನೂ ಆಗಿಲ್ಲಲ್ರಿ?"

ಏನೂ ಆಗಿರಲಿಲ್ಲ. ಅಂಗಿಯ ಇಸ್ತ್ರಿ ಕೂಡ ಮುರಿದಿರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಹೇಳುತ್ತಲೇ ಇರಲಿಲ್ಲ. ಇಂಜಿನ್ನು ಕೆಡುತ್ತದೆ, ಮನುಷ್ಯ ಹೆದರುತ್ತಾನೆ, ತಪ್ಪುತ್ತಾನೆ. ಅದಕ್ಕೆ ಕ್ಷಮೆ ಇದೆ. ಮುಂದೆ ಆದದ್ದು ಕೇಳಿ.

ಮರುದಿನ ಊರಿಗೆಲ್ಲ ಸುದ್ದಿ: ಕ್ಯಾಪ್ಟನ್ ಸಾಹೇಬರು ನಿಂತ ಇಂಜಿನ್ನಿನ ವಿಮಾನ ಇಳಿಸಿ ಹುಡುಗಿಯ ಜೀವ ಉಳಿಸಿದರು. ಶಾಲೆಯಲ್ಲಿ ಹಾರ ಹಾಕಿದರು, ಶಾಲು ಹೊದಿಸಿದರು. ಕ್ಯಾಪ್ಟನ್ ಬೇಡ ಬೇಡ ಎಂದು ಕೈ ಆಡಿಸಿದರು. ಎಲ್ಲರೂ ಅದನ್ನು ವಿನಯ ಎಂದುಕೊಂಡರು. ಹಿಡಿಕೆಯನ್ನು ಒತ್ತಿದ ಕೈ ಯಾರದು ಎಂದು ಅವರು ಹೇಳಲಿಲ್ಲ. ಯಾರೂ ಕೇಳಲಿಲ್ಲವಲ್ಲ!

ವಾರದ ನಂತರ ವಿಚಾರಣೆ. ಮೂವರು ಅಧಿಕಾರಿಗಳು. ಇಂಜಿನ್ನಿಗೆ ಹೋಗುವ ನಳಿಕೆಯಲ್ಲಿ ನೀರು ಸಿಕ್ಕಿತ್ತು. ಕೊರಳೆಲುಬಿಗೆ ಪಟ್ಟಿ ಕಟ್ಟಿಕೊಂಡ ದಾನಮ್ಮ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಕ್ಯಾಪ್ಟನ್.

"ಈ ಹಾಳೆ ಮೇಲಿನ ಸಹಿ ನಿಮ್ಮದೇನಮ್ಮ?"

"ಹೌದ್ರಿ."

"ಇಂಧನ ಪರೀಕ್ಷೆ ಮಾಡಿದ್ರಾ?"

"ಇಲ್ರಿ."

"ಮಾಡದೆ ಯಾಕೆ ಸಹಿ ಹಾಕಿದ್ರಿ?"

ದಾನಮ್ಮ ಕ್ಯಾಪ್ಟನ್ ಕಡೆ ನೋಡಿದಳು. ದೂರುವ ನೋಟವಲ್ಲ. 'ಸರ್ ಈಗ ಹೇಳುತ್ತಾರೆ' ಎಂದು ದಾರಿ ಬಿಟ್ಟುಕೊಡುವ ನೋಟ. ಅದು ಕ್ಯಾಪ್ಟನ್‌ಗೆ ಅರ್ಥವಾಯಿತು. ಬಾಯಿ ತೆರೆದರೆ ಒಂದೇ ವಾಕ್ಯ: ನಾನು ನೋಡಿದ್ದೇನೆ ಎಂದು ಸುಳ್ಳು ಹೇಳಿದೆ. ಅವರು ಕಿಟಕಿಯ ಕಡೆ ನೋಡಿದರು.

ಆ ಹುಡುಗಿ ತಲೆ ತಗ್ಗಿಸಿ, "ತಪ್ಪಾತ್ರಿ" ಎಂದಳು.

"ಕ್ಯಾಪ್ಟನ್, ನೀವೇನಾದರೂ ಹೇಳೋದಿದೆಯಾ?"

"ಇಂಧನ ನೋಡೋದು ವಿದ್ಯಾರ್ಥಿಯ ಜವಾಬ್ದಾರಿ ಸರ್. ಪುಸ್ತಕದಲ್ಲೇ ಇದೆ."

ಸುಳ್ಳು ಹೇಳಿದರೇ? ಇಲ್ಲ! ಅಕ್ಷರ ಅಕ್ಷರವೂ ನಿಜ. ಪುಸ್ತಕದಲ್ಲಿ ಇದೆ. ನೋಡಿ, ಮನುಷ್ಯ ನಿಜವನ್ನೇ ಹೇಳಿ ಎಂಥ ಸುಳ್ಳು ಕಟ್ಟಬಲ್ಲ! ದಾನಮ್ಮನ ತರಬೇತಿ ನಿಲ್ಲಿಸಿದರು. ಅವಳು ಹಾಸ್ಟೆಲಿನಿಂದ ಚೀಲ ಹೊತ್ತು ಊರಿಗೆ ಹೋದಳು.

ಆಮೇಲೆ ಕ್ಯಾಪ್ಟನ್‌ಗೆ ಏನಾಯಿತು ಗೊತ್ತೇ? ಹೊರಗೆ ಏನೂ ಆಗಲಿಲ್ಲ. ಆದರೆ ಯಾರಾದರೂ "ನಮಸ್ಕಾರ ಸರ್" ಎಂದರೆ ಕಿವಿ ಬಿಸಿಯಾಗುತ್ತಿತ್ತು. ಹೊಸ ಶಿಷ್ಯನ ಮುಂದೆ "ಮುಚ್ಚಿಟ್ಟರೆ ಕ್ಷಮಿಸಲ್ಲ" ಎಂಬ ಮಾತನ್ನು ಅರ್ಧಕ್ಕೇ ಬಿಟ್ಟರು. ಕೆಮ್ಮಿ ಬೇರೆ ಮಾತಾಡಿದರು. ಶಾಲನ್ನು ಬೀರುವಿನ ಅಡಿಗೆ ತುರುಕಿದರು. ನಾಳೆ ಹೇಳಿದರಾಯಿತು ಎಂದುಕೊಂಡರು. ನಾಳೆ ಬಂದಾಗ, ಈಗ ಹೇಳಿದರೆ ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂದುಕೊಂಡರು. ಒಂದು ದಿನ ತಡವಾದದ್ದಕ್ಕೆ ಇನ್ನೊಂದು ದಿನ ಸೇರಿತು. ನಮಗೂ ಹೀಗೇ ಅಲ್ಲವೇ? ತಪ್ಪಿಗಿಂತ ತಪ್ಪು ಒಪ್ಪುವುದು ತಡವಾದದ್ದೇ ಭಾರವಾಗುತ್ತ ಹೋಗುತ್ತದೆ.

ಒಂದು ಭಾನುವಾರ ಅವರ ಹೆಂಡತಿ ಒಂದು ಚೀಲದಲ್ಲಿ ಕಿತ್ತಳೆ, ಕೊಡಗಿನ ಜೇನುತುಪ್ಪ ತುಂಬಿಸಿ ಕೈಗೆ ಕೊಟ್ಟರು. ಪಾಪ, ಅವರಿಗೆ ಏನೂ ಗೊತ್ತಿಲ್ಲ. "ಆ ಹುಡುಗಿಯನ್ನ ಒಮ್ಮೆ ನೋಡಿಕೊಂಡು ಬನ್ನಿ. ನೀವು ಜೀವ ಉಳಿಸಿದವರು. ನೀವೇ ಹೋಗದಿದ್ದರೆ ಅವಳಿಗೆ ಹೇಗನ್ನಿಸಬೇಕು?"

ಕ್ಯಾಪ್ಟನ್ ಚೀಲ ಹಿಡಿದು ಹೊರಟರು.

ತಾಲ್ಲೂಕು ಊರಿನ ಬಸ್ ಸ್ಟ್ಯಾಂಡಿನ ಹಿಂದೆ ಚನಮಲ್ಲಪ್ಪನ ಅಂಗಡಿ. ನಾಲ್ಕೈದು ರೈತರು ಮೋಟರು ಇಟ್ಟುಕೊಂಡು ಕಾಯುತ್ತಿದ್ದರು. ದಾನಮ್ಮ ಒಳಗೆ ಸ್ಟೂಲಿನ ಮೇಲೆ ಕೂತು ಒಂದೇ ಕೈಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದಳು. ಕ್ಯಾಪ್ಟನ್‌ರನ್ನು ಕಂಡು ಎದ್ದು ನಿಂತಳು.

ಚನಮಲ್ಲಪ್ಪ ಗ್ರೀಸಿನ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತ ಓಡಿ ಬಂದ. ಬಂದವನೇ ಬಗ್ಗಿ ಅವರ ಬೂಟು ಮುಟ್ಟಿ ಹಣೆಗೆ ಒತ್ತಿಕೊಂಡ.

"ದೇವ್ರು ಬಂದಂಗ ಬಂದ್ರಿ ಸಾಹೇಬ್ರ. ನನ್ನ ಮಗಳ ಜೀವ ಉಳಿಸೀರಿ. ಆಕೀ ತಪ್ಪಿನ್ಯಾಗ ನೀವೂ ಸಾಯ್ತಿದ್ರಿ. ಸಣ್ಣಾಕಿ ಅದಾಳ, ಹೊಟ್ಟ್ಯಾಗ ಹಾಕ್ಕೋರಿ. ಹಿಂತಾ ಕೆಲಸ ಮಾಡಾಕಿ ಅಲ್ಲ ಆಕಿ, ಅದ್ಯಾಕ ಹಂಗ ಮಾಡಿದ್ಲೋ ನನಗ ತಿಳೀವಲ್ದು."

ಅಂಗಡಿಯ ಮುಂದಿದ್ದ ರೈತರೆಲ್ಲ ನೋಡುತ್ತಿದ್ದರು. ಮಗಳ ತಪ್ಪಿಗೆ ಊರಮುಂದೆ ಕ್ಷಮೆ ಕೇಳುತ್ತಿರುವ ಅಪ್ಪ. ಹಿಂದೆ ನಿಂತು ಅದನ್ನು ನೋಡುತ್ತಿರುವ ಮಗಳು. ಅವಳು ಅಪ್ಪನಿಗೂ ಹೇಳಿರಲಿಲ್ಲ! ಕ್ಯಾಪ್ಟನ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವರು ಚನಮಲ್ಲಪ್ಪನ ಎರಡೂ ತೋಳು ಹಿಡಿದು ಎತ್ತಿದರು.

"ನನ್ನ ಕಾಲು ಮುಟ್ಟಬೇಡಿ. ತಪ್ಪು ಅವಳದಲ್ಲ, ನನ್ನದು. ಅವಳು ಇಂಧನ ನೋಡೋಕೆ ಹೋಗಿದ್ದಳು. ನಾನು ನೋಡಿದ್ದೀನಿ ಅಂತ ಸುಳ್ಳು ಹೇಳಿ ಸಹಿ ಹಾಕಿಸಿದೆ. ಮೇಲೆ ಇಂಜಿನ್ ನಿಂತಾಗ ನಾನು ಹೆದರಿ ವಿಮಾನ ಬೀಳಿಸ್ತಿದ್ದೆ. ನಿಮ್ಮ ಮಗಳು ಹಿಡಿಕೆ ಒತ್ತಿದ್ದಕ್ಕೆ ಇಬ್ಬರೂ ಉಳಿದ್ವಿ. ವಿಚಾರಣೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಅವಳು ಉಳಿಸಿದ ಜೀವ ಇಟ್ಟುಕೊಂಡು ಅವಳ ಹೆಸರೇ ಕೆಡಿಸಿದೆ."

ಚನಮಲ್ಲಪ್ಪ ತನ್ನ ತೋಳು ಮೆಲ್ಲಗೆ ಬಿಡಿಸಿಕೊಂಡ. ಬೈಯಲಿಲ್ಲ. ಮಗಳ ಕಡೆ ತಿರುಗಿ, "ಯಾಕ ಹೇಳ್ಲಿಲ್ಲವ್ವ ನೀ? ನಾ ನಿನಗ ಎಷ್ಟ್ ಬೈದೆ…" ಎಂದವನ ದನಿ ಒಡೆಯಿತು.

ದಾನಮ್ಮ ಕ್ಯಾಪ್ಟನ್ ಕಡೆ ನೋಡಿ ನಿಧಾನಕ್ಕೆ ಹೇಳಿದಳು.

"ವಿಚಾರಣಿ ಮುಗದ ಮ್ಯಾಲ ನೀವು ತಿರುಗಿ ಒಳಗ ಹೋಗಿ ಹೇಳ್ತೀರಿ ಅಂದ್ಕೊಂಡೆ ಸರ್. ಹೊರಗ ಬೆಂಚಿನ ಮ್ಯಾಲ ಕುಂತಿದ್ದೆ. ಊರಿಗೆ ಬಂದ ಮ್ಯಾಲೂ, ಇವತ್ತ ಫೋನ್ ಬರತೈತಿ, ಇವತ್ತ ಬರತೈತಿ ಅಂತ ಹತ್ತೊಂಬತ್ತು ದಿನ ಕಾದೆ. ಈಗ ಹೇಳಿದ್ರಿ, ಚಲೋ ಆತು. ಆದ್ರ ಆ ಹತ್ತೊಂಬತ್ತು ದಿನ ನಮ್ಮಪ್ಪ ನನ್ನ ಮುಖಾ ನೋಡಿ ಮಾತಾಡಿಲ್ರಿ. ಅದನ್ನ ಹೆಂಗ ತಿರುಗಿ ಕೊಡ್ತೀರಿ?"

ಕ್ಯಾಪ್ಟನ್ ಮೇದಪ್ಪ ಚೀಲ ಹಿಡಿದುಕೊಂಡು ನಿಂತರು. ಕೊಡಲಿಕ್ಕೂ ಆಗಲಿಲ್ಲ, ಹಿಂದಕ್ಕೆ ಒಯ್ಯಲಿಕ್ಕೂ ಆಗಲಿಲ್ಲ.

ಮರುದಿನವೇ ಅವರು ಎಲ್ಲವನ್ನೂ ಬರೆದುಕೊಟ್ಟರು. ವಿಚಾರಣೆ ಮತ್ತೆ ನಡೆಯಿತು. ಹಾರ ಹಾಕಿದವರ ಎದುರಿಗೇ ನಿಂತು ಓದಿದರು. ಒಂದು ವರ್ಷ ಕಲಿಸುವ ಅಧಿಕಾರ ಹೋಯಿತು; ಒಪ್ಪಿಕೊಂಡರು. ದಾನಮ್ಮ ಶಾಲೆಗೆ ಮರಳಿದಳು, ಬೇರೆ ಗುರುಗಳ ಹತ್ತಿರ ಕಲಿತಳು, ಪರೀಕ್ಷೆ ಗೆದ್ದಳು. ಕ್ಯಾಪ್ಟನ್ ಎದುರಾದರೆ "ನಮಸ್ಕಾರ್ರಿ ಸರ್" ಎನ್ನುತ್ತಿದ್ದಳು. ಮಾತಿನಲ್ಲಿ ಮರ್ಯಾದೆ ಕಡಿಮೆಯಾಗಲಿಲ್ಲ. ಆದರೆ ಮೊದಲು ಅವರು ಒಂದು ಮಾತು ಹೇಳಿದ ಕೂಡಲೇ ಹುಡುಗಿಯ ಮುಖದಲ್ಲಿ ಒಂದು ನಂಬಿಕೆ ಮೂಡುತ್ತಿತ್ತಲ್ಲ, ಅದು ಮಾತ್ರ ಮತ್ತೆ ಮೂಡಲಿಲ್ಲ. ಅವರು ಕೇಳಲೂ ಇಲ್ಲ. ಕೇಳುವ ಮುಖ ಎಲ್ಲಿತ್ತು?

ಈಗ ನಿಮ್ಮ ಕಡೆ ಬರುತ್ತೇನೆ. ಯಾಕೆ, ಕೆಲವರು ಕಂಬದ ಹಿಂದಕ್ಕೆ ಸರಿದಿರಿ?

ನಮಗೆ ವಿಮಾನವಿಲ್ಲ, ನಿಜ. ಆದರೆ ಆಫೀಸಿದೆ. ನೀವು ಮೂರು ವಾರ ಮೇಜಿನ ಮೇಲೆ ಇಟ್ಟುಕೊಂಡ ಫೈಲಿಗೆ ಕೆಳಗಿನ ಗುಮಾಸ್ತ ನೋಟಿಸು ಪಡೆದಿದ್ದಾನೆ. ನೀವು "ಫೈಲು ನೋಡಿಕೊಳ್ಳೋದು ಅವನ ಕೆಲಸ" ಎಂದಿರಿ. ಅದೂ ನಿಜವೇ! ಅಡುಗೆಮನೆಯಿದೆ. ಹಾಲು ಉಕ್ಕಿಸಿದ್ದು ನೀವು, ಗಂಡನ ಮುಂದೆ ಬೈಸಿಕೊಂಡವಳು ಸೊಸೆ. ಶಾಲೆಯಿದೆ. ಗದ್ದಲ ಮಾಡಿದವನು ಬೇರೆಯವನೆಂದು ಆಮೇಲೆ ಗೊತ್ತಾಯಿತು, ಹೊಡೆಸಿಕೊಂಡ ಮಗುವಿಗೆ ಮೇಷ್ಟ್ರು ಏನೂ ಹೇಳಲಿಲ್ಲ. ದೊಡ್ಡವರು ಮಕ್ಕಳ ಮುಂದೆ ಸೋಲಬಾರದಂತೆ! ಯಾರು ಹೇಳಿದರು ಇದನ್ನು?

ಸಣ್ಣ ವಿಷಯ ಬಿಡಿ ಸ್ವಾಮಿ ಎನ್ನಬೇಡಿ. ನಿಮಗೆ ಸಣ್ಣದು. ಹೊತ್ತವರನ್ನು ಕೇಳಿ.

ಹಾಗಾದರೆ ಏನು ಮಾಡಬೇಕು? ಇವತ್ತು ಮನೆಗೆ ಹೋದ ಕೂಡಲೇ, ಕೈಕಾಲು ತೊಳೆಯುವ ಮೊದಲೇ, ಒಬ್ಬರ ಹೆಸರು ನೆನಪು ಮಾಡಿಕೊಳ್ಳಿ. ನಿಮ್ಮ ತಪ್ಪನ್ನು ಹೊತ್ತವರು ಒಬ್ಬರು ಇದ್ದೇ ಇರುತ್ತಾರೆ. ಅವರ ಹತ್ತಿರ ಹೋಗಿ. ಫೋನಿನಲ್ಲಿ ಮೆಸೇಜು ಬೇಡ, ಹೋಗಿ. ಯಾರ ಮುಂದೆ ಅವರ ಹೆಸರು ಕೆಟ್ಟಿತೋ ಅವರ ಮುಂದೆಯೇ ಹೇಳಿ. "ತಪ್ಪು ನನ್ನದು" ಎಂದಷ್ಟೇ ಹೇಳಿ. ಅದರ ಮುಂದೆ "ಆದರೆ" ಸೇರಿಸಬೇಡಿ. ಕ್ಷಮಿಸಿದರೆ ಅವರ ದೊಡ್ಡತನ. ಕ್ಷಮಿಸದಿದ್ದರೆ ಮುಖ ಗಂಟು ಹಾಕಿಕೊಂಡು ಬರಬೇಡಿ, ಅದು ಅವರ ಹಕ್ಕು. ಮತ್ತು ನಾಳೆ ಎನ್ನಬೇಡಿ. ನೀವು ನಾಳೆ ಎಂದ ಪ್ರತಿ ದಿನವನ್ನೂ ಅವರು ನಿಮ್ಮ ಬದಲಿಗೆ ತಲೆ ತಗ್ಗಿಸಿ ಕಳೆಯುತ್ತಿದ್ದಾರೆ.

ಮಂಗಳಾರತಿಗೆ ಇನ್ನೂ ಹೊತ್ತಿದೆ. ಯಾರಿಗಾದರೂ ಈಗಲೇ ಎದ್ದು ಹೋಗಬೇಕೆನ್ನಿಸಿದರೆ ಹೋಗಿ. ಪ್ರಸಾದ ತೆಗೆದಿಟ್ಟಿರುತ್ತೇವೆ.